ಮೊಂಡು ಬೆರಳಿಗೊಂದು ಟ್ರಿಗರ್

ವೆಲ್ಡಾ ಸೆಡ್ಲಾಚೆಕ್ ತನ್ನ ಬಲಗೈ ತೋರುಬೆರಳಿನ ತುದಿಗೆಣ್ಣನ್ನು ಸೌದೆ ಸೀಳುವ ಯಂತ್ರಕ್ಕೆ ಕೊಟ್ಟದ್ದು ಮಾರ್ಚ್ ತಿಂಗಳ ಒಂದು ಶನಿವಾರ. ಆಸ್ಪತ್ರೆಯಲ್ಲಿ ಡಾಕ್ಟರು ಕಟ್ಟು ಹಾಕುತ್ತ, "ಬಸ್ಸು ಓಡಿಸೋಕೆ ಏನೂ ತೊಂದ್ರೆ ಆಗಲ್ಲ ಬಿಡಿ" ಎಂದು ಸಮಾಧಾನ ಹೇಳಿದರಂತೆ. ನಮ್ಮೂರಿನ ಶಾಲೆಯ ಬಸ್ಸನ್ನು ಇಪ್ಪತ್ತೆರಡು ವರ್ಷದಿಂದ ಓಡಿಸುತ್ತಿರುವವಳು ಅವಳೇ. "ಬಸ್ಸಿನ ಮಾತು ಯಾರು ಕೇಳಿದ್ರು? ಜೂನ್ ಹೊತ್ತಿಗೆ ಟ್ರಿಗರ್ ಎಳೆಯೋಕೆ ಆಗುತ್ತಾ ಇಲ್ವಾ, ಅದು ಹೇಳಿ" ಎಂದಳಂತೆ ಇವಳು. ಡಾಕ್ಟರು ಬೇರೆ ರಾಜ್ಯದಿಂದ ಬಂದ ಹೊಸಬರು. ಕೈಯಲ್ಲಿದ್ದ ಪಟ್ಟಿ ಬಿಟ್ಟು ಅವಳ ಗಂಡ ಮರ್ಲ್‌ನ ಮುಖ ನೋಡಿದರಂತೆ. ಮರ್ಲ್ ಟೈರ್ ಅಂಗಡಿಯವನು, ಮಾತು ಕಡಿಮೆ. "ಆಟಕ್ಕೆ ಸ್ವಾಮಿ, ಗುರಿ ಹೊಡೆಯೋ ಆಟಕ್ಕೆ" ಎಂದು ಅವನು ವಿವರಿಸಬೇಕಾಯಿತು.

ಅವಳಿಗೆ ಅಷ್ಟು ಆತುರ ಏಕೆ ಎಂಬುದು ಕ್ಲಬ್ಬಿನಲ್ಲಿ ನಮಗೆಲ್ಲ ಗೊತ್ತಿತ್ತು. ಸರ್ವಿಸ್ ರೈಫಲ್, ಅಂದರೆ ಸೈನ್ಯದ ಮಾದರಿಯ ರೈಫಲಿನ ಸ್ಪರ್ಧೆಯಲ್ಲಿ ಮೂವತ್ತು ಅಂಕ ಕೂಡಿಹಾಕಿದವರಿಗೆ ಒಂದು ಚಿನ್ನದ ಬಣ್ಣದ ಪದಕ ಕೊಡುತ್ತಾರೆ. ನೆಬ್ರಾಸ್ಕಾದ ನಮ್ಮ ಮೂಲೆಯಲ್ಲಿ ಅದು ಇರುವವರು ಒಂದು ಕೈಯ ಬೆರಳಿಗೂ ಸಾಲುವುದಿಲ್ಲ. ಆ ಅಂಕಗಳು ಎಲ್ಲ ಪಂದ್ಯದಲ್ಲೂ ಸಿಗುವುದಿಲ್ಲ. ವರ್ಷಕ್ಕೆ ಒಂದೋ ಎರಡೋ ಪಂದ್ಯ, ಅದರಲ್ಲಿ ಮೊದಲ ಮೂವರಿಗೆ ಮಾತ್ರ. ವೆಲ್ಡಾ ಹನ್ನೊಂದು ವರ್ಷದಲ್ಲಿ ಇಪ್ಪತ್ತನಾಲ್ಕು ಅಂಕ ಗಳಿಸಿದ್ದಳು. ಇನ್ನು ಆರು ಬೇಕು. ಮೂರನೇ ಸ್ಥಾನಕ್ಕೆ ಸಿಗುವುದು ಆರು, ಅದು ಒಮ್ಮೆ ಸಿಕ್ಕರೆ ಸಾಕಿತ್ತು.

ನಾನು ಲೈಲ್. ಅಂಚೆ ಕಚೇರಿಯಿಂದ ನಿವೃತ್ತನಾದ ಮೇಲೆ ಕ್ಲಬ್ಬಿನ ಪಂದ್ಯಗಳನ್ನು ನಡೆಸುವ ಕೆಲಸ ನನ್ನ ಕೊರಳಿಗೆ ಬಿತ್ತು. ಪಂದ್ಯದ ಬೆಳಿಗ್ಗೆ ಎಲ್ಲರ ರೈಫಲ್‌ಗಳ ಟ್ರಿಗರ್ ತೂಗುವವನೂ ನಾನೇ. ರೈಫಲನ್ನು ನಳಿಕೆ ಮೇಲಾಗಿ ಹಿಡಿದು, ಟ್ರಿಗರಿನ ನಡುವಿಗೆ ಒಂದು ಕೊಕ್ಕೆ ಸಿಕ್ಕಿಸಿ, ಅದರ ತುದಿಗಿರುವ ನಾಲ್ಕೂವರೆ ಪೌಂಡಿನ ಕಬ್ಬಿಣದ ಗುಂಡನ್ನು ನೆಲದಿಂದ ಎತ್ತಬೇಕು. ಕಿಲೋ ಲೆಕ್ಕದಲ್ಲಿ ಎರಡಕ್ಕೆ ಒಂದು ಚೂರು ಹೆಚ್ಚು. ಗುಂಡು ಮೇಲೆ ಬಂದರೂ ಟ್ರಿಗರ್ ಬೀಳದೆ ತಡೆದುಕೊಂಡರೆ ಪಾಸು. ಟಕ್ ಎಂದರೆ ಆ ಟ್ರಿಗರ್ ಹಗುರ, ಆಡುವ ಹಾಗಿಲ್ಲ.

ಮೇ ತಿಂಗಳಲ್ಲಿ ಗಾಯ ಮಾಗಿ, ಮೊದಲ ಸಲ ಅಭ್ಯಾಸಕ್ಕೆ ಬಂದ ದಿನವೇ ಅವಳ ತೊಂದರೆ ಏನೆಂದು ಕಂಡಿತು. ಅವಳ ಹಳೆಯ ಟ್ರಿಗರ್ ಕುಡುಗೋಲಿನ ಹಾಗೆ ಬಾಗಿದ್ದು. ಬೆರಳು ಎಲ್ಲಿಟ್ಟರೂ ಜಾರಿ ಬಾಗಿನ ನಡುವಿಗೇ ಬಂದು ಕೂರುತ್ತಿತ್ತು. ಅಲ್ಲಿ ಸರಿಯಾಗಿ ಮೊಂಡು ಬೆರಳಿನ ತುದಿ ಲೋಹದ ಅಂಚಿಗೆ ತಾಗುತ್ತಿತ್ತು. ಆ ತುದಿಯಲ್ಲಿ ಯಾವುದೋ ನರ ಬರಿಮೈಯಾಗಿ ಉಳಿದಿತ್ತು. ತಾಗಿದರೆ ಮೊಣಕೈವರೆಗೆ ಕರೆಂಟು ಹೊಡೆದ ಹಾಗಾಗುತ್ತದೆ ಎಂದಳು. ಮೊದಲ ಹತ್ತು ಗುಂಡಿನಲ್ಲಿ ಮೂರು ಗುರಿಹಲಗೆಗೇ ತಾಗಲಿಲ್ಲ.

ಸಲಹೆಗಳಿಗೆ ಬರವೇ? ನಮ್ಮ ಕ್ಲಬ್ಬಿನ ಹಿರಿಯ ಎಲ್ಡನ್‌ಗೆ ಎಪ್ಪತ್ತೆಂಟು. ಇಪ್ಪತ್ತು ವರ್ಷದ ಹಿಂದೆಯೇ ಆ ಪದಕ ಗೆದ್ದು, ಅಂದಿನಿಂದ ಉಳಿದವರಿಗೆ ಬುದ್ಧಿ ಹೇಳುವುದನ್ನೇ ಉದ್ಯೋಗ ಮಾಡಿಕೊಂಡವರು.

"ನಡುಬೆರಳಲ್ಲಿ ಎಳಿ ಕಣಮ್ಮ. ಎಷ್ಟೋ ಜನ ಹಾಗೆ ಹೊಡೀತಾರೆ" ಎಂದರು.

"ನಲವತ್ತು ವರ್ಷದಿಂದ ಆ ಬೆರಳನ್ನ ಬೇರೆ ಕೆಲಸಕ್ಕೆ ಅಂತ ಇಟ್ಕೊಂಡಿದೀನಿ ಎಲ್ಡನ್. ನಿಮಗೆ ತೋರಿಸ್ಲಾ?"

"ತೋರಿಸ್ಬೇಡ, ಗೊತ್ತಾಯ್ತು."

ಆದರೂ ಪ್ರಯತ್ನಿಸಿದಳು, ಪಾಪ. ಎರಡು ವಾರ. ನಡುಬೆರಳು ಟ್ರಿಗರಿಗೆ ಹೋದರೆ ಹಿಡಿಯಲ್ಲಿ ಬಲವಿರುವುದಿಲ್ಲ, ರೈಫಲ್ ಕೈಯಲ್ಲೇ ತಿರುಗುತ್ತದೆ. ಎಡಗೈಯಲ್ಲಿ ಹೊಡೆಯೋಣವೆಂದರೆ ಎಡಗಣ್ಣು ಚಿಕ್ಕಂದಿನಿಂದ ಮಂಜು. ಆ ವರ್ಷದ ಜೂನ್ ಪಂದ್ಯ ಹಾಗೇ ಹೋಯಿತು. ಅವಳು ಗುರಿಹಲಗೆಗಳ ಕೆಳಗಿನ ಗುಂಡಿಯಲ್ಲಿ ಕೂತು ಬೇರೆಯವರ ಹಲಗೆ ಎತ್ತಿ ಇಳಿಸುವ ಕೆಲಸ ಮಾಡಿದಳು.

ಆಮೇಲೆ ಶುರುವಾಯಿತು ಟ್ರಿಗರ್ ಹುಡುಕಾಟ. ರೈಫಲ್ ಜೊತೆಗೆ ಬಂದದ್ದನ್ನು ತೆಗೆದು ಬೇರೆ ಕಂಪನಿಯ ಟ್ರಿಗರ್ ಹಾಕಿಕೊಳ್ಳುವುದು ನಮ್ಮಲ್ಲಿ ಹೊಸದೇನಲ್ಲ. ಆದರೆ ಆರಿಸುವುದು ಹೇಗೆ? ಅಂಗಡಿಯಲ್ಲಿ ಚಪ್ಪಲಿಯ ಹಾಗೆ ಹಾಕಿ ನೋಡಲು ಬಿಡುವುದಿಲ್ಲ. ಕಂಪ್ಯೂಟರಿನಲ್ಲಿ ಓದಿದರೆ ಪ್ರತಿಯೊಂದರ ಎಳೆತಕ್ಕೂ "ಗಾಜಿನ ಕಡ್ಡಿ ಮುರಿದಂತೆ" ಎಂದೇ ಬರೆದಿರುತ್ತದೆ. ಬರೆದವರಿಗೆಲ್ಲ ಪೂರ್ತಿ ಬೆರಳುಗಳಿರುತ್ತವೆ.

ಮೊದಲು ತರಿಸಿದ್ದು ನೇರ ಪಟ್ಟಿಯ ಹಾಗಿರುವ ಟ್ರಿಗರ್, ಬಾಗು ಇಲ್ಲದ್ದು. ಮೊಂಡು ತುದಿಗೆ ಅಂಚು ತಾಗುವುದು ನಿಂತಿತು. ಒಂದೇ ಎಳೆತದ್ದು ಅದು. ಅಂದರೆ ಬೆರಳು ಒತ್ತುತ್ತ ಹೋಗು, ಎಲ್ಲೋ ಒಂದು ಕಡೆ ಸಿಡಿಯುತ್ತದೆ, ಸುಳಿವು ಕೊಡುವುದಿಲ್ಲ. ವೆಲ್ಡಾ ಹದಿನೆಂಟು ವರ್ಷ ಎರಡು ಎಳೆತದ ಟ್ರಿಗರಿಗೆ ಒಗ್ಗಿದವಳು. ಅದರಲ್ಲಿ ಮೊದಲು ಒಂದಿಷ್ಟು ಸಡಿಲ ಎಳೆತ, ಆಮೇಲೆ ಬೆರಳಿಗೆ ಒಂದು ಗೋಡೆ ಸಿಗುತ್ತದೆ, ಗೋಡೆಯ ಮೇಲೆ ಇನ್ನೊಂದು ಚೂರು ಒತ್ತಿದರೆ ಗುಂಡು ಹಾರುತ್ತದೆ. ಗೋಡೆ ಇಲ್ಲದ ಟ್ರಿಗರಿನಲ್ಲಿ ಅವಳಿಗೆ ಪ್ರತಿ ಗುಂಡಿಗೂ ಎದೆ ಹಾರುತ್ತಿತ್ತು.

"ಯಾರೋ ಬೆನ್ನ ಹಿಂದೆ ನಿಂತು ಬಲೂನ್ ಒಡೆದ ಹಾಗಾಗುತ್ತೆ ಲೈಲ್. ಯಾವಾಗ ಅಂತ ಗೊತ್ತಿಲ್ಲ. ಕಣ್ಣು ತಾನಾಗೇ ಮುಚ್ಕೊಳ್ಳುತ್ತೆ."

"ಒಂದು ಸಾವಿರ ಗುಂಡು ಹೊಡಿ, ಅಭ್ಯಾಸ ಆಗುತ್ತೆ" ಎಂದೆ.

ಎಂಟುನೂರು ಹೊಡೆದಳು. ಆಗಲಿಲ್ಲ. ಅದನ್ನು ಕಳಚಿ ಸಿಗರೇಟು ಡಬ್ಬಿಯಲ್ಲಿ ಹಾಕಿ ಅಟ್ಟಕ್ಕೆ ಎಸೆದಳು.

ಎರಡನೆಯದು ಎರಡು ಎಳೆತದ್ದು, ಪುಟ್ಟ ಪುಟ್ಟ ತಿರುಪುಗಳಿಂದ ಬೇಕಾದ ಹಾಗೆ ಹೊಂದಿಸಿಕೊಳ್ಳುವಂಥದ್ದು. ಎರಡು ತಿಂಗಳು ಅದರ ಬೆನ್ನು ಬಿದ್ದಳು. ಕಾಲು ಸುತ್ತು ಆಚೆ, ಕಾಲು ಸುತ್ತು ಈಚೆ. ಅಕ್ಟೋಬರಿನ ಒಂದು ಅಭ್ಯಾಸದ ದಿನ, ಕೂತು ಬೇಗ ಬೇಗ ಹತ್ತು ಗುಂಡು ಹೊಡೆಯುವ ಸರದಿ. ಅವಳು ಆರನೆಯ ಗುಂಡು ಹೊಡೆದಾಗ ನನ್ನ ಕಿವಿಗೆ ಎರಡು ಸದ್ದು ಒಟ್ಟಿಗೆ ಕೇಳಿತು. ಒಮ್ಮೆ ಎಳೆದರೆ ಎರಡು ಗುಂಡು ಹಾರಿದ್ದವು. ನಾನು ಗಂಟಲು ಹರಿಯುವಂತೆ ಕೂಗಿ ಎಲ್ಲರನ್ನೂ ನಿಲ್ಲಿಸಿದೆ. ಅವಳು ರೈಫಲ್ ಕೆಳಗಿಟ್ಟು ಎರಡೂ ಕೈ ಮೇಲೆತ್ತಿ ಕೂತಿದ್ದಳು, ಮುಖ ಬಿಳಿಚಿತ್ತು. ಒಳಗಿನ ತಿರುಪು ಅಲುಗಿ ಅಲುಗಿ ಸಡಿಲವಾಗಿತ್ತು. ತಿರುಪಿಗೆ ಅಂಟು ಹಾಕಿ ಬಿಗಿಮಾಡಬೇಕಿತ್ತು, ದಿನಾ ಹೊಂದಿಸುವ ಆಸೆಯಲ್ಲಿ ಅವಳು ಹಾಕಿರಲಿಲ್ಲ.

"ನನ್ ತಪ್ಪು. ಯಾರಿಗಾದ್ರೂ ತಗಲಿದ್ರೆ?" ಎಂದಳು.

"ತಗಲಿಲ್ಲವಲ್ಲ. ಅದನ್ನ ಇನ್ಮೇಲೆ ಇಲ್ಲಿಗೆ ತರಬೇಡ" ಎಂದೆ. ಗದರಿದಂತೆಯೇ ಕೇಳಿಸಿರಬೇಕು. ಎಲ್ಡನ್ ಬಾಯಿ ತೆರೆದರು. ನಾನು ದುರುಗುಟ್ಟಿ ನೋಡಿದೆ, ಬಾಯಿ ಮುಚ್ಚಿದರು.

ಮೂರನೆಯದನ್ನು ತರಿಸುವಷ್ಟರಲ್ಲಿ ಮರ್ಲ್‌ಗೆ ಸಾಕಾಗಿತ್ತು. ಟೈರ್ ಅಂಗಡಿಗೆ ಗಾಳಿ ಹಾಕಿಸಲು ಹೋದಾಗ ನನ್ನ ಹತ್ತಿರ ಹೇಳಿಕೊಂಡ. "ನಾನು ಊಟ ಮಾಡ್ತಾ ಇರ್ತೀನಿ, ಬೆನ್ನ ಹಿಂದೆ ಟಕ್. ಟಿವಿ ನೋಡ್ತಾ ಇರ್ತೀನಿ, ಟಕ್. ಖಾಲಿ ರೈಫಲ್ ಅಂತ ಗೊತ್ತು ಮಾರಾಯ, ಆದ್ರೂ ಪ್ರತಿ ಸಲ ಚಮಚ ಜಾರುತ್ತೆ. ಇವಳಿಗೆ ಬೆರಳು ಹೋಯ್ತು, ನನಗೆ ನಿದ್ದೆ ಹೋಯ್ತು."

ಆ ಮೂರನೆಯದು ಒಳ್ಳೆಯ ಟ್ರಿಗರ್. ಎರಡು ಎಳೆತ, ತಿರುಪು ಗಿರುಪು ಏನೂ ಇಲ್ಲ, ಗೋಡೆ ಸ್ಪಷ್ಟ. ಆದರೆ ಅದೂ ಬಾಗಿದ್ದೇ. ಬಾಗಿನ ಅಂಚುಗಳನ್ನು ಅವಳು ಕಲ್ಲಿನಲ್ಲಿ ತೀಡಿ ನುಣುಪು ಮಾಡಿಕೊಂಡಳು. ನೋವು ಕಡಿಮೆಯಾಯಿತು, ಹೋಗಲಿಲ್ಲ. ಎಳೆತ ಇನ್ನಷ್ಟು ಹಗುರವಾದರೆ ನೋವಿಲ್ಲದೆ ಹೊಡೆಯಬಹುದು ಎಂದು ಅವಳ ತಲೆಗೆ ಹೊಕ್ಕಿತು. ಸ್ಪ್ರಿಂಗಿನ ಒಂದು ಕಾಲನ್ನು ಇಕ್ಕಳದಲ್ಲಿ ಚೂರೇ ಚೂರು ಬಗ್ಗಿಸಿದಳು. ಅಡುಗೆಮನೆಯಲ್ಲಿ ತನ್ನದೇ ತಕ್ಕಡಿಯಲ್ಲಿ ತೂಗಿದರೆ ಸರಿಯಾಗಿ ನಾಲ್ಕೂವರೆ ಪೌಂಡು. ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

ಎರಡನೆಯ ವರ್ಷದ ಜೂನ್ ಪಂದ್ಯದ ಬೆಳಿಗ್ಗೆ ಮೂವತ್ತೆರಡು ಜನ ಸಾಲಾಗಿ ನಿಂತಿದ್ದರು. ಇಪ್ಪತ್ತನೆಯವಳು ವೆಲ್ಡಾ. ನಾನು ಕೊಕ್ಕೆ ಸಿಕ್ಕಿಸಿ ಎತ್ತಿದೆ. ಗುಂಡು ನೆಲ ಬಿಡುತ್ತಲೇ ಟಕ್.

ಅವಳು ನನ್ನ ಮುಖ ನೋಡಿದಳು. "ಇನ್ನೊಂದ್ಸಲ."

ಮೂರು ಸಲ ಅವಕಾಶವಿದೆ. ಎರಡನೆಯ ಸಲ ಗುಂಡು ಒಂದು ಗೇಣು ಮೇಲೆ ಬಂತು, ಆಮೇಲೆ ಟಕ್.

"ನೀನು ಜಗ್ತಾ ಇದೀಯ ಲೈಲ್. ಮೆಲ್ಲಗೆ ಎತ್ತು."

ಮೆಲ್ಲಗೇ ಎತ್ತಿದೆ. ನನ್ನ ಆಯುಷ್ಯದಲ್ಲಿ ಅಷ್ಟು ಮೆಲ್ಲಗೆ ಯಾವುದನ್ನೂ ಎತ್ತಿರಲಿಕ್ಕಿಲ್ಲ. ಗುಂಡು ಮೇಲೆ ಬಂದು ಅರೆಗಳಿಗೆ ತೂಗಾಡಿತು. ಟಕ್.

"ಹದಿನೆಂಟು ವರ್ಷದಿಂದ ನನ್ ಕೈಯಡುಗೆ ತಿಂದಿದೀಯ" ಎಂದಳು ವೆಲ್ಡಾ, ನನಗೊಬ್ಬನಿಗೇ ಕೇಳುವಂತೆ. "ಒಂದು ಔನ್ಸ್ ಇರ್ಬೇಕು. ಒಂದೇ ಒಂದು ಔನ್ಸ್."

"ಅರ್ಧ ಔನ್ಸ್ ಇದ್ರೂ ಅಷ್ಟೇ ವೆಲ್ಡಾ."

"ನಿನಗೆ ಹತ್ತೂ ಬೆರಳಿವೆ."

ಹಗುರ ಟ್ರಿಗರಿನಲ್ಲಿ ಗೆದ್ದ ಆರು ಅಂಕಕ್ಕೆ ಅವಳೇ ಮುಂದೊಂದು ದಿನ ಉಗಿಯುತ್ತಾಳೆ ಎಂದು ನನಗೆ ಗೊತ್ತಿತ್ತು. ಆದರೆ ಅದನ್ನು ಆ ಸಾಲಿನಲ್ಲಿ ನಿಂತು ಹೇಗೆ ಹೇಳುವುದು? "ಇಪ್ಪತ್ತು ನಿಮಿಷ ಟೈಮಿದೆ. ಸರಿ ಮಾಡ್ಕೊಂಡು ಬಾ" ಎಂದಷ್ಟೇ ಹೇಳಿದೆ.

ಅವಳು ಟ್ರಕ್ಕಿನ ಹಿಂಬದಿಯ ಹಲಗೆಯ ಮೇಲೆ ರೈಫಲ್ ಬಿಚ್ಚಿದಳು. ಬಗ್ಗಿಸದ ಹೊಸ ಸ್ಪ್ರಿಂಗು ಚೀಲದಲ್ಲಿತ್ತು. ಹದಿನೇಳು ನಿಮಿಷಕ್ಕೆ ಮರಳಿ ಬಂದಳು. ಈ ಸಲ ಗುಂಡು ಮೇಲೆ ಬಂದು ಸುಮ್ಮನೆ ನಿಂತಿತು. ಅವಳು ಥ್ಯಾಂಕ್ಸ್ ಹೇಳಲಿಲ್ಲ.

ನಿಂತು ಹೊಡೆಯುವ ಸರದಿಯಲ್ಲೇ ಬೆರಳು ಕೈಕೊಟ್ಟಿತು. ಎರಡು ಗುಂಡು ಹತ್ತರ ಬದಲು ಏಳರ ವೃತ್ತಕ್ಕೆ ಬಿದ್ದವು. ಉಳಿದ ದೂರಗಳಲ್ಲಿ ಹಲ್ಲು ಕಚ್ಚಿ ಹೊಡೆದಳು. ಕೊನೆಗೆ ಐನೂರಕ್ಕೆ ನಾನೂರ ಅರವತ್ತೈದು. ಮೂರನೇ ಸ್ಥಾನದವನಿಗೆ ನಾನೂರ ಅರವತ್ತೆಂಟು. ಫಲಿತಾಂಶದ ಹಾಳೆಯನ್ನು ನಾನು ಗೋಡೆಗೆ ಅಂಟಿಸುವುದನ್ನು ಅವಳು ದೂರದಿಂದ ನೋಡಿ, ಓದಲು ಹತ್ತಿರ ಬರದೆ, ಟ್ರಕ್ ಹತ್ತಿ ಹೋದಳು.

ಅಲ್ಲಿಂದ ಏಳು ತಿಂಗಳು ನನ್ನೊಡನೆ ಮಾತಿಲ್ಲ. ಬಸ್ಸು ನನ್ನ ಮನೆ ಮುಂದೆಯೇ ಹೋಗುತ್ತಿತ್ತು. ಮೊದಲೆಲ್ಲ ಹಾರ್ನ್ ಹೊಡೆಯುತ್ತಿದ್ದವಳು ಈಗ ಕತ್ತನ್ನೂ ತಿರುಗಿಸುತ್ತಿರಲಿಲ್ಲ. ಕ್ಲಬ್ಬಿಗೂ ಬರುವುದು ಬಿಟ್ಟಳು. ರೈಫಲ್ ಮಾರುತ್ತಾಳಂತೆ ಎಂದು ಎಲ್ಡನ್ ಸುದ್ದಿ ತಂದರು. ನನಗೆ ಸಂಕಟವೂ ಆಯಿತು, ಸಿಟ್ಟೂ ಬಂತು. ತೂಕ ಕಡಿಮೆಯಾದದ್ದು ನನ್ನ ತಪ್ಪೇ?

ಜನವರಿಯ ಒಂದು ಶನಿವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ವೆಲ್ಡಾ, ಟೋಪಿಯ ಮೇಲೆ ಹಿಮ, ಹೆಗಲಲ್ಲಿ ರೈಫಲ್ ಚೀಲ, ಕಂಕುಳಲ್ಲಿ ಒಂದು ಬೂಟಿನ ಪೆಟ್ಟಿಗೆ.

"ನಿನ್ ತೂಕದ ಗುಂಡು ಬೇಕು. ನೀನು ಬೇಡ" ಎಂದಳು.

"ಅದು ಕ್ಲಬ್ಬಿನ ಆಸ್ತಿ. ಅದು ಇರೋ ಕಡೆ ನಾನೂ ಇರ್ತೀನಿ."

"ಹಾಗಾದ್ರೆ ಬಾಯಿ ಮುಚ್ಕೊಂಡು ಇರು."

ಪೆಟ್ಟಿಗೆಯಲ್ಲಿ ಹನ್ನೊಂದು ಟ್ರಿಗರ್‌ಗಳಿದ್ದವು. ಮೂರು ಅವಳು ತರಿಸಿಕೊಂಡವು, ಅಟ್ಟದಿಂದ ಇಳಿಸಿ ತಂದದ್ದೂ ಸೇರಿ. ಉಳಿದವನ್ನು ಕ್ಲಬ್ಬಿನ ಒಬ್ಬೊಬ್ಬರ ಮನೆಗೆ ಹೋಗಿ ಕೇಳಿ ತಂದಿದ್ದಳು. ಎಲ್ಡನ್ ಕೂಡ ಒಂದು ಕೊಟ್ಟಿದ್ದರು, ಒಂದು ಗಂಟೆಯ ಉಪದೇಶ ಸಮೇತ. ನನ್ನ ಹೆಂಡತಿ ಒಲೆಯ ಮೇಲೆ ಚಿಲಿ ಸಾರು ಇಟ್ಟು, ದಾಲ್ಚಿನ್ನಿ ರೋಲುಗಳನ್ನು ತಟ್ಟೆಯಲ್ಲಿಟ್ಟು, "ನೀವಿಬ್ರೂ ಕಚ್ಚಾಡಿದ್ರೆ ಎರಡೂ ಸಿಗಲ್ಲ" ಎಂದು ಹೇಳಿ ಒಳಗೆ ಹೋದಳು.

ಒಂದೊಂದನ್ನೇ ರೈಫಲಿಗೆ ಹಾಕಿ, ನಾನು ಗುಂಡಿಗೆ ಸಣ್ಣ ಬಿಲ್ಲೆಗಳನ್ನು ಸೇರಿಸುತ್ತ ತೂಗಿ, ಅವಳು ಕಣ್ಣು ಮುಚ್ಚಿ ಇಪ್ಪತ್ತು ಸಲ ಎಳೆದು ನೋಡುವುದು. ನಾಲ್ಕು ಗಂಟೆ ಹಿಡಿಯಿತು. ಬಾಗಿದವುಗಳದೆಲ್ಲ ಒಂದೇ ಕಥೆ, ಕಡೆಗೆ ಅವಳು ಮುಖ ಕಿವುಚುತ್ತಿದ್ದಳು. ಏಳನೆಯದು ನಮ್ಮ ಕ್ಲಬ್ಬಿನ ಒಬ್ಬ ರೈತನದು, ಹಳೆಯದು, ಕಪ್ಪು ಬಣ್ಣ ಅಲ್ಲಲ್ಲಿ ಕಿತ್ತುಹೋಗಿತ್ತು. ನೇರ ಪಟ್ಟಿ, ಆದರೆ ಎರಡು ಎಳೆತ. ಅವಳು ಐದಾರು ಸಲ ಎಳೆದು ನಿಲ್ಲಿಸಿದಳು. ಆಮೇಲೆ ಬೆರಳನ್ನು ನಿಧಾನವಾಗಿ ಕೆಳಕ್ಕೆ ಜರುಗಿಸುತ್ತ ಹೋಗಿ, ಪಟ್ಟಿಯ ತುದಿಯಲ್ಲಿಟ್ಟು ಎಳೆದಳು. ಮತ್ತೆ. ಮತ್ತೆ.

"ತೂಕ ಎಷ್ಟಿದೆ ಇದು?"

"ನಾಲ್ಕೂಮುಕ್ಕಾಲು. ಬೇರೆಯದಕ್ಕಿಂತ ಭಾರ."

"ಸುಳ್ಳು. ಮತ್ತೆ ತೂಗು."

ತೂಗಿದೆ. ನಾಲ್ಕೂಮುಕ್ಕಾಲೇ.

ಅವಳು ಕಣ್ಣು ತೆರೆದು ಟ್ರಿಗರನ್ನೇ ನೋಡುತ್ತ ಕೂತಳು. "ಬಸ್ಸಿನ ಬಾಗಿಲಿನ ಹಿಡಿ ಥರ" ಎಂದಳು ಕೊನೆಗೆ. "ಬುಡದ ಹತ್ರ ಹಿಡಿದ್ರೆ ಎರಡು ಕೈ ಬೇಕು. ತುದಿ ಹಿಡಿದ್ರೆ ಒಂದು ಕೈಲಿ ಬರುತ್ತೆ. ಬಾಗಿದ್ದರಲ್ಲಿ ಬೆರಳು ತುದಿಗೆ ಹೋಗೋಕೆ ಬಿಡೋದೇ ಇಲ್ಲ, ನಡುವಿಗೇ ಎಳ್ಕೊಳ್ಳುತ್ತೆ. ಇದರಲ್ಲಿ ಎಲ್ಲಿ ಬೇಕಾದ್ರೂ ಇಡ್ಬಹುದು." ಆಮೇಲೆ ಮೇಜಿನ ಮೇಲೆ ಕೈ ಬಡಿದಳು, ಬಟ್ಟಲಿನ ಸಾರು ಚೆಲ್ಲಿತು. "ಮೊದಲನೇದು ನೇರವಾದ್ದೇ ತಗೊಂಡಿದ್ದೆ! ನೇರವಾದ್ದೂ ಬೇಕು, ಗೋಡೆಯೂ ಬೇಕು ಅಂತ ಎರಡೂ ಒಟ್ಟಿಗೆ ಯೋಚನೆ ಮಾಡ್ಲಿಲ್ಲ ನೋಡು. ಒಂದೂವರೆ ವರ್ಷ, ಲೈಲ್! ಒಂದೂವರೆ ವರ್ಷ ಹಾಳು ಮಾಡ್ಕೊಂಡೆ. ನೀವು ಹನ್ನೆರಡು ಜನ ಗಂಡಸರು ದಿನಾ ಒಂದೊಂದು ಹೇಳಿದ್ರಲ್ಲ, ಒಬ್ಬನಾದ್ರೂ ಇದು ಹೇಳಿದ್ನಾ?"

"ಬಾಯಿ ಮುಚ್ಕೊಂಡಿರು ಅಂದೆ, ಇದ್ದೀನಿ."

ಅವಳು ನಗಲಿಲ್ಲ. ಆದರೆ ಇನ್ನೊಂದು ರೋಲು ತೆಗೆದುಕೊಂಡಳು.

ಅದೇ ಬಗೆಯ ಹೊಸ ಟ್ರಿಗರ್ ತರಿಸಿಕೊಂಡು ಐದು ತಿಂಗಳು ತಾಲೀಮು ಮಾಡಿದಳು. ಸುಲಭವಾಗಿ ಬರಲಿಲ್ಲ. ತುದಿಯಲ್ಲಿ ಬೆರಳಿಟ್ಟರೆ ಎಳೆತ ಉದ್ದವಾಗುತ್ತದೆ, ಗೋಡೆ ಮೊದಲಿನಷ್ಟು ಗಟ್ಟಿಯಾಗಿ ಸಿಗುವುದಿಲ್ಲ. ಏಪ್ರಿಲಿನಲ್ಲಿ ಒಂದು ದಿನ ರೈಫಲ್ ಚೀಲಕ್ಕೆ ತುಂಬುತ್ತ, "ಇದೂ ಅಲ್ಲ. ಎಲ್ಲವೂ ಒಂದೊಂದು ಥರ ಸುಳ್ಳು ಹೇಳುತ್ತೆ" ಎಂದು ಗೊಣಗಿದಳು. ಹಾಗೆಂದು ಬದಲಿಸಲಿಲ್ಲ. ಬದಲಿಸಿ ಬದಲಿಸಿಯೇ ಕೆಟ್ಟೆ ಎಂದು ಅವಳಿಗೆ ಅನ್ನಿಸಿತ್ತು.

ಮೂರನೆಯ ವರ್ಷದ ಜೂನ್. ನಾನು ಕೊಕ್ಕೆ ಸಿಕ್ಕಿಸಿ ಎತ್ತಿದೆ. ಗುಂಡು ಮೇಲೆ ಬಂದು ನಿಂತಿತು. ಹಿಂದಿನಿಂದ ಎಲ್ಡನ್, "ಕೊಕ್ಕೆ ತುದಿಗೆ ಹಾಕಿ ನೋಡೋ ಲೈಲ್, ಅವಳು ಎಳೆಯೋದು ಅಲ್ಲಿಂದಲ್ವಾ" ಎಂದರು, ತಮಾಷೆಗೋ ನಿಜಕ್ಕೋ.

"ಕೊಕ್ಕೆ ನಡುವಿಗೆ. ಮೂವತ್ತು ವರ್ಷದಿಂದ ಯಾರೇ ತೂಗಿದ್ರೂ ನಿಮ್ಮದಕ್ಕೂ ಅಲ್ಲೇ ಹಾಕಿದ್ದು" ಎಂದೆ. "ಬೆರಳು ಎಲ್ಲಿಡ್ಬೇಕು ಅನ್ನೋದು ಅವರವರಿಗೆ ಬಿಟ್ಟಿದ್ದು."

"ಬೆರಳು ಇರೋರಿಗೆ" ಎಂದಳು ವೆಲ್ಡಾ, ರೈಫಲ್ ಎತ್ತಿಕೊಂಡು ಹೋಗುತ್ತ.

ಆ ದಿನ ಬಯಲಿನ ಗಾಳಿ ಹುಚ್ಚು ಹಿಡಿದಿತ್ತು. ಆರುನೂರು ಗಜದ ಸರದಿಯಲ್ಲಿ ಧ್ವಜ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ. ಒಳ್ಳೊಳ್ಳೆಯವರ ಗುಂಡುಗಳೂ ಎಂಟಕ್ಕೆ, ಏಳಕ್ಕೆ ಹೋದವು. ಇಪ್ಪತ್ತು ಗುಂಡಿಗೆ ಇಪ್ಪತ್ತೆರಡು ನಿಮಿಷ ತೆಗೆದುಕೊಳ್ಳಬಹುದು, ವೆಲ್ಡಾ ಇಪ್ಪತ್ತೊಂದೂವರೆ ತೆಗೆದುಕೊಂಡಳು. ಎರಡು ಸಲ ಗೋಡೆಯವರೆಗೆ ಎಳೆದು, ಗಾಳಿ ತಿರುಗಿದ್ದು ಕಂಡು, ಬೆರಳು ಬಿಟ್ಟಳು. ಒಂದೇ ಎಳೆತದ ಟ್ರಿಗರಾಗಿದ್ದರೆ ಆ ಎರಡೂ ಗುಂಡು ಹಾರಿಹೋಗುತ್ತಿದ್ದವು.

ಅವಳ ಮೊತ್ತ ನಾನೂರ ಐವತ್ತೊಂಬತ್ತು. ಕಳೆದ ವರ್ಷಕ್ಕಿಂತ ಆರು ಕಡಿಮೆ. ಮುಖ ಗಂಟಿಕ್ಕಿಕೊಂಡು ಅಂಕದ ಚೀಟಿಗೆ ಸಹಿ ಹಾಕಿ ಬಿಸಾಕಿದಳು, ಚೀಲ ಕಟ್ಟಲು ಶುರುಮಾಡಿದಳು. ಮರ್ಲ್ ಟ್ರಕ್ಕಿನಲ್ಲಿ ಕೂತು ಇಂಜಿನ್ ಚಾಲೂ ಮಾಡಿಯೂ ಆಗಿತ್ತು. ನಾನು ಹಾಳೆಗಳನ್ನು ಎರಡು ಸಲ ಕೂಡಿದೆ. ಮೂರನೆಯ ಸಲ ಇನ್ನೊಬ್ಬರಿಂದ ಕೂಡಿಸಿದೆ. ಆಮೇಲೆ ಅವಳ ಟ್ರಕ್ಕಿನ ಹತ್ತಿರ ಹೋದೆ.

"ಮೂರನೇದು ಯಾರಿಗೆ ಗೊತ್ತಾ?"

"ಆಟ ಆಡ್ಬೇಡ ಲೈಲ್. ಸುಸ್ತಾಗಿದೆ."

"ಕಾನ್ಸಾಸ್‌ನವನಿಗೂ ನಾನೂರ ಐವತ್ತೊಂಬತ್ತೇ. ನಟ್ಟನಡುವಿನ ಚುಕ್ಕೆಗೆ ಬಿದ್ದದ್ದು ಅವನಿಗೆ ಎಂಟು, ನಿನಗೆ ಒಂಬತ್ತು."

ಮರ್ಲ್ ಇಂಜಿನ್ ಆರಿಸಿದ. ಕಿಟಕಿಯಿಂದ ಕೈ ಚಾಚಿ ಅವಳ ಹೆಗಲ ಮೇಲಿಟ್ಟ. ಅವಳು ಅದನ್ನು ಒಮ್ಮೆ ತಟ್ಟಿ, ಪಕ್ಕಕ್ಕೆ ತಿರುಗಿ, ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡಳು.

"ನಾನೂರ ಐವತ್ತೊಂಬತ್ತಕ್ಕೆ!" ಎಂದಳು ಆಮೇಲೆ, ಸಿಟ್ಟಿನಿಂದಲೇ. "ಪೂರ್ತಿ ಬೆರಳಿದ್ದಾಗ ನಾನೂರ ಎಪ್ಪತ್ತು ಹೊಡೆದು ಮನೆಗೆ ಬರಿಗೈಲಿ ಹೋಗಿದ್ದೆ. ಇದೆಂಥ ನ್ಯಾಯ?"

"ಬೇಡ ಅಂತ ಬರೆದುಕೊಡ್ಲಾ?"

"ಬರೆದು ನೋಡು. ಆ ಕೊಕ್ಕೆಯಲ್ಲಿ ನಿನ್ನನ್ನೇ ತೂಗ್ತೀನಿ."

ಪದಕ ಆಗಸ್ಟಿನಲ್ಲಿ ಬಂತು. ಅದನ್ನು ಅವಳು ಎಲ್ಲಿಟ್ಟಿದ್ದಾಳೆ ಎಂದು ನಾನು ಕೇಳಿಲ್ಲ. ಇನ್ನು ಅವಳು ಅಂಕಕ್ಕಾಗಿ ಹೊಡೆಯಬೇಕಾಗಿಲ್ಲ, ಬೇರೆ ವಿಭಾಗಕ್ಕೆ ಹೋಗಿ ಎಷ್ಟು ಹಗುರ ಟ್ರಿಗರ್ ಬೇಕಾದರೂ ಹಾಕಿಕೊಳ್ಳಬಹುದು ಎಂದು ಎಲ್ಡನ್ ಅಭ್ಯಾಸದ ಒಂದು ದಿನ ಅವಳಿಗೆ ಬಿಡಿಸಿ ಹೇಳಿದರು. ತಮ್ಮ ಹತ್ತಿರ ಅಂಥದೊಂದು ಇದೆಯೆಂದೂ, ಗಾಜಿನ ಕಡ್ಡಿ ಮುರಿದಂತಿದೆಯೆಂದೂ ಸೇರಿಸಿದರು. ಅವಳು ಪೂರ್ತಿ ಕೇಳಿಸಿಕೊಂಡಳು.

"ಇನ್ನೊಂದು ಟ್ರಿಗರಿನ ಹೆಸರು ಎತ್ತಿದ್ರೆ ಮರ್ಲ್ ಮನೆ ಬಿಟ್ಟು ಟೈರ್ ಅಂಗಡೀಲಿ ಮಲಗ್ತೀನಿ ಅಂದಿದಾನೆ" ಎಂದು ಹೇಳಿ, ಚಾಪೆ ಹಾಸಿಕೊಂಡು ಮಲಗಿ, ದೂರದ ಹಲಗೆಯ ಕಡೆ ಕಣ್ಣು ಕಿರಿದು ಮಾಡಿದಳು. "ಅದು ಬಿಡಿ. ಈ ಹೊಸ ಕನ್ನಡಕ ಯಾಕೋ ಸರಿಯಿಲ್ಲ. ಹಲಗೆ ಎರಡೆರಡು ಕಾಣ್ತಿದೆ."